ಗುಡುಗಿನ ಮುನ್ಸೂಚನೆ: ವಿಮಾನ ನಿಲ್ದಾಣದ ಮೋಡಕ್ಕೂ ವರ್ತಕನ ಖಾತೆಗೂ ಇರುವ ನಂಟು

2023ರ ಏಪ್ರಿಲ್ 4ರ ಸಂಜೆ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಮೇಲೆ ಗುಡುಗು, ಗಾಳಿ ಸಹಿತ ಭಾರೀ ಮಳೆ ಸುರಿಯಿತು. ನಾಲ್ಕರಿಂದ ಐದು ಗಂಟೆಯೊಳಗೆ ಅಲ್ಲಿ ಇಳಿಯಬೇಕಾಗಿದ್ದ 14 ವಿಮಾನಗಳನ್ನು ಬೇರೆ ಊರುಗಳಿಗೆ ತಿರುಗಿಸಬೇಕಾಯಿತು. ಅವುಗಳಲ್ಲಿ ಹೆಚ್ಚಿನವು ಚೆನ್ನೈ ಸೇರಿದವು. ಪತ್ರಿಕೆಗಳಲ್ಲಿ ಪ್ರಯಾಣಿಕರ ಪರದಾಟದ ಸುದ್ದಿ ಬಂದಿತು. ಆದರೆ ಪ್ರಯಾಣಿಕರ ಕಾಲಡಿಯ ಕೋಣೆಯಲ್ಲಿ ಹೂವು, ಹಣ್ಣು, ಔಷಧಿ, ಯಂತ್ರದ ಬಿಡಿಭಾಗಗಳೂ ಪ್ರಯಾಣ ಮಾಡುತ್ತವೆ. ಬಾರದೆ ಉಳಿದ ವಿಮಾನವೇ ನಮ್ಮ ಸರಕನ್ನು ಮುಂದಿನ ಊರಿಗೆ ಒಯ್ಯಬೇಕಾಗಿದ್ದ ವಿಮಾನವೂ ಆಗಿರುತ್ತದೆ. ಇದು ವರ್ತಕರಿಗೆ ಮಾತ್ರ ನೆನಪಿರುವ ಸಂಗತಿ.

ಇಂಥದೇ ಒಂದು ಸಂಜೆಯ ಪರಿಣಾಮವನ್ನು ನಾನು ಲೆಕ್ಕದ ಪುಸ್ತಕದಲ್ಲಿ ಕಂಡಿದ್ದೇನೆ. ಗುಲಾಬಿ ಬೆಳೆದು ಹೊರದೇಶಕ್ಕೆ ಕಳುಹಿಸುವ ನನ್ನ ಕಕ್ಷಿದಾರರೊಬ್ಬರ ಸರಕು ಮಳೆಯ ಕಾರಣದಿಂದ ಆ ದಿನದ ವಿಮಾನವನ್ನು ತಪ್ಪಿಸಿಕೊಂಡಿತು. ಮರುದಿನ ಹೋಯಿತಾದರೂ ಹೂವಿನ ಬೆಲೆ ಉಳಿದಿರಲಿಲ್ಲ. ವರ್ಷಾಂತ್ಯದ ಲೆಕ್ಕಪರಿಶೋಧನೆಯ ಸಮಯದಲ್ಲಿ ಅವರು ಕೇಳಿದ ಪ್ರಶ್ನೆ ಇಷ್ಟೇ: "ಸಾರ್, ಈ ನಷ್ಟವನ್ನು ಯಾರ ಖಾತೆಗೆ ಹಾಕೋಣ?" ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ವಿಮಾನ ನಿಲ್ದಾಣಗಳ ಗುಡುಗು ಮುನ್ಸೂಚನೆಯು ಹವಾಮಾನ ತಜ್ಞರಿಗೂ ಪೈಲಟ್‌ಗಳಿಗೂ ಮಾತ್ರ ಸೇರಿದ ವಿಷಯವಲ್ಲ, ಸಣ್ಣ ವರ್ತಕನ ಲಾಭ-ನಷ್ಟಕ್ಕೂ ನೇರವಾಗಿ ಸಂಬಂಧಿಸಿದ ವಿಷಯವೆಂಬುದು ಮನವರಿಕೆಯಾಯಿತು. ಪ್ರಸ್ತುತ ಲೇಖನವು ಆ ಹುಡುಕಾಟದ ಫಲ.

ನಷ್ಟ ಯಾರ ಖಾತೆಗೆ?

ಮೊದಲು ಕಾನೂನನ್ನು ನೋಡೋಣ. ಅಂತರರಾಷ್ಟ್ರೀಯ ವಿಮಾನ ಸಾಗಣೆಯನ್ನು ಕುರಿತ 1999ರ ಮಾಂಟ್ರಿಯಲ್ ಒಡಂಬಡಿಕೆಗೆ ಭಾರತವು 2009ರಲ್ಲಿ ಸೇರಿತು. ಅದರ 19ನೆಯ ವಿಧಿಯ ಪ್ರಕಾರ ವಿಳಂಬದಿಂದ ಉಂಟಾಗುವ ಹಾನಿಗೆ ಸಾಗಣೆದಾರನೇ ಹೊಣೆ. ಆದರೆ ಹಾನಿಯನ್ನು ತಪ್ಪಿಸಲು ಯುಕ್ತವಾದ ಎಲ್ಲ ಕ್ರಮಗಳನ್ನೂ ಕೈಗೊಂಡಿದ್ದೆವು, ಅಥವಾ ಅಂಥ ಕ್ರಮ ಕೈಗೊಳ್ಳುವುದು ಅಸಾಧ್ಯವಾಗಿತ್ತು ಎಂಬುದನ್ನು ಆತ ಸಾಬೀತುಪಡಿಸಿದರೆ ಹೊಣೆಯಿಂದ ಮುಕ್ತನಾಗುತ್ತಾನೆ. ರನ್‌ವೇಯ ಮೇಲೆ ಸಿಡಿಲು ಮೋಡ ನಿಂತಿರುವಾಗ ಈ ವಾದವನ್ನು ಮಂಡಿಸುವುದು ವಿಮಾನ ಸಂಸ್ಥೆಗೆ ಕಷ್ಟವಲ್ಲ.

ಇನ್ನು ವಿಮೆ. ವಿಮಾನ ಸರಕಿನ ವಿಮೆಗೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಇನ್‌ಸ್ಟಿಟ್ಯೂಟ್ ಕಾರ್ಗೋ ಷರತ್ತುಗಳಲ್ಲಿ ವಿಳಂಬದಿಂದಾದ ನಷ್ಟವನ್ನು ಸ್ಪಷ್ಟವಾಗಿ ಹೊರಗಿಡಲಾಗಿದೆ. ವಿಳಂಬಕ್ಕೆ ಕಾರಣವಾದ ಘಟನೆಯು ವಿಮೆಯ ವ್ಯಾಪ್ತಿಗೆ ಬರುವಂಥದೇ ಆಗಿದ್ದರೂ ವಿಳಂಬದ ನಷ್ಟಕ್ಕೆ ಪರಿಹಾರವಿಲ್ಲ. ಆಲಿಕಲ್ಲು ಬಿದ್ದು ಪೆಟ್ಟಿಗೆ ಒಡೆದರೆ ಪರಿಹಾರ ಕೇಳಬಹುದು. ಅದೇ ಮಳೆಯಿಂದ ವಿಮಾನ ತಪ್ಪಿ ಹೂವು ಬಾಡಿದರೆ ಕೇಳುವಂತಿಲ್ಲ.

ಹೀಗೆ ಸಾಗಣೆದಾರನೂ ವಿಮಾದಾರನೂ ಬದಿಗೆ ಸರಿದ ಮೇಲೆ ಉಳಿಯುವವನು ಸರಕಿನ ಒಡೆಯ. ನಷ್ಟವನ್ನು ಇತರರಿಗೆ ವರ್ಗಾಯಿಸಲು ಸಾಧ್ಯವಿಲ್ಲದಾಗ ಅದನ್ನು ತಪ್ಪಿಸಿಕೊಳ್ಳುವುದೊಂದೇ ದಾರಿ. ತಪ್ಪಿಸಿಕೊಳ್ಳಬೇಕಾದರೆ ಮುಂಚಿತವಾಗಿ ತಿಳಿಯಬೇಕು. ಆದ್ದರಿಂದಲೇ ಮುನ್ಸೂಚನೆಗೆ ರೂಪಾಯಿಯ ಬೆಲೆಯಿದೆ.

ಒಂದು ತಾಸಿನ ಆಯುಷ್ಯ

ಮುನ್ಸೂಚನೆಯು ಏಕೆ ಕಷ್ಟವೆಂಬುದನ್ನು ತಿಳಿಯಲು ಮೋಡದ ಸ್ವಭಾವವನ್ನು ಅರಿಯಬೇಕು. ನೆಲ ಕಾದಾಗ ತೇವಭರಿತ ಬಿಸಿ ಗಾಳಿ ಮೇಲೇರುತ್ತದೆ. ಮೇಲೇರಿದಂತೆ ತಣ್ಣಗಾಗಿ ಅದರಲ್ಲಿನ ಆವಿ ಹನಿಗಟ್ಟುತ್ತದೆ. ಹನಿಗಟ್ಟುವಾಗ ಹೊರಬೀಳುವ ಶಾಖವು ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಹೀಗೆ ಹತ್ತು ಕಿಲೋಮೀಟರಿಗೂ ಎತ್ತರಕ್ಕೆ ಬೆಳೆಯುವ ಕ್ಯುಮುಲೊನಿಂಬಸ್ ಮೋಡವೇ ಗುಡುಗು, ಸಿಡಿಲು, ಆಲಿಕಲ್ಲು, ಬಿರುಗಾಳಿಗಳ ತವರು.

ಎರಡನೆಯ ಮಹಾಯುದ್ಧ ಮುಗಿದೊಡನೆ ಅಮೆರಿಕದಲ್ಲಿ ಈ ಮೋಡಗಳ ಒಳಗೆ ಉದ್ದೇಶಪೂರ್ವಕವಾಗಿ ವಿಮಾನಗಳನ್ನು ಹಾರಿಸಿ ಅಧ್ಯಯನ ನಡೆಸಲಾಯಿತು. 1946ರಲ್ಲಿ ಫ್ಲಾರಿಡಾದಲ್ಲಿಯೂ 1947ರಲ್ಲಿ ಒಹಾಯೊದಲ್ಲಿಯೂ ನಡೆದ ಈ ಯೋಜನೆಯ ನೇತೃತ್ವ ವಹಿಸಿದ್ದವರು ಹೊರೇಸ್ ಬೈಯರ್ಸ್. ರಾಸ್ಕೋ ಬ್ರಹಾಂ ಅವರ ಸಹೋದ್ಯೋಗಿ. ಅವರು ಕಂಡುಕೊಂಡಂತೆ ಸಾಧಾರಣ ಗುಡುಗು ಮೋಡದ ಒಂದು ಘಟಕಕ್ಕೆ ಬೆಳವಣಿಗೆ, ಪ್ರೌಢಾವಸ್ಥೆ, ಅಳಿವು ಎಂಬ ಮೂರು ಹಂತಗಳಿವೆ. ಮೂರೂ ಸೇರಿ ಸುಮಾರು ಒಂದು ತಾಸು. ಅಗಲವೋ ಕೆಲವೇ ಕಿಲೋಮೀಟರು. ಬಂಗಾಳ ಕೊಲ್ಲಿಯ ಚಂಡಮಾರುತವನ್ನು ಮೂರು-ನಾಲ್ಕು ದಿನ ಮೊದಲೇ ಗುರುತಿಸಬಹುದು. ಏಕೆಂದರೆ ಅದು ನೂರಾರು ಕಿಲೋಮೀಟರು ಹರಡಿಕೊಂಡು ದಿನಗಟ್ಟಲೆ ಬದುಕಿರುತ್ತದೆ. ಮಧ್ಯಾಹ್ನ ಮೂರಕ್ಕೆ ಹುಟ್ಟಿ ನಾಲ್ಕಕ್ಕೆ ಸಾಯುವ ಮೋಡವನ್ನು ಬೆಳಿಗ್ಗೆ ಎಂಟಕ್ಕೆ ಗುರುತಿಸಲು, ಇಲ್ಲದ ಮೋಡವನ್ನು ಕಾಣಬೇಕಾಗುತ್ತದೆ.

ನಮ್ಮ ಹಿರಿಯರು ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಲೆಕ್ಕ ಹಾಕುವ ಏಪ್ರಿಲ್ ನಡುವಿನಿಂದ ಮೇ ತಿಂಗಳಿನವರೆಗಿನ ಮಳೆಗಳು ಬಹುತೇಕ ಈ ಜಾತಿಯವು. ದಿನವೆಲ್ಲ ಕಾದ ಪ್ರಸ್ಥಭೂಮಿ, ಸಮುದ್ರದ ಕಡೆಯಿಂದ ಬರುವ ತೇವ, ಮಧ್ಯಾಹ್ನದ ನಂತರ ಮೋಡ, ಸಂಜೆಗೆ ಗುಡುಗು. ಮಾವಿನ ಸರಕು ಹೊರಡುವ ಕಾಲವೂ ಇದೇ ಎಂಬುದನ್ನು ಗಮನಿಸಬೇಕು.

ಚಳಿಗಾಲದ ಮಂಜಿಗೂ ಗುಡುಗಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳುವುದು ಅಗತ್ಯ. ಮಂಜಿನಲ್ಲಿ ಕಣ್ಣು ಕಾಣದಿದ್ದರೂ ಗಾಳಿ ಶಾಂತವಾಗಿರುತ್ತದೆ. ದಾರಿ ತೋರುವ ಉಪಕರಣಗಳಿದ್ದರೆ ವಿಮಾನ ಇಳಿಯಬಲ್ಲದು. ಗುಡುಗು ಮೋಡದಲ್ಲಿ ಗಾಳಿಯೇ ಶತ್ರು. ಜೊತೆಗೆ ಹತ್ತಿರದಲ್ಲಿ ಸಿಡಿಲು ಬಡಿಯುತ್ತಿರುವಾಗ ವಿಮಾನಗಳ ಬಳಿ ಬಯಲಿನಲ್ಲಿ ದುಡಿಯುವವರನ್ನು ಒಳಗೆ ಕಳುಹಿಸುವುದು ಅನೇಕ ವಿಮಾನ ನಿಲ್ದಾಣಗಳಲ್ಲಿ ರೂಢಿ. ಆಗ ಇಂಧನ ತುಂಬುವುದೂ ಸರಕು ಏರಿಸುವುದೂ ನಿಲ್ಲುತ್ತವೆ. ರನ್‌ವೇ ತೆರೆದಿದ್ದರೂ ಪೆಟ್ಟಿಗೆಗಳು ನೆಲದ ಮೇಲೆಯೇ ಉಳಿಯುತ್ತವೆ.

ಅಪಘಾತಗಳು ಕಲಿಸಿದ ಪಾಠ

ವಿಮಾನಯಾನದಲ್ಲಿ ಗುಡುಗು ಎಚ್ಚರಿಕೆಯು ಬೆಳೆದುಬಂದದ್ದು ಜೀವಹಾನಿಯ ಬೆಲೆ ತೆತ್ತು. 1975ರ ಜೂನ್ 24ರಂದು ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್ ಸಂಸ್ಥೆಯ ಬೋಯಿಂಗ್ 727 ವಿಮಾನ ರನ್‌ವೇ ತಲುಪುವ ಮುನ್ನವೇ ನೆಲಕ್ಕಪ್ಪಳಿಸಿತು. 113 ಮಂದಿ ಸತ್ತರು. ಸ್ವಲ್ಪ ಹೊತ್ತಿಗೆ ಮುಂಚೆ ಅದೇ ರನ್‌ವೇಯಲ್ಲಿ ಇಳಿದಿದ್ದ ಸರಕು ವಿಮಾನವೊಂದರ ಪೈಲಟ್, ಗಾಳಿಯ ಸ್ಥಿತಿ ಅಪಾಯಕರವಾಗಿದೆ, ರನ್‌ವೇ ಬದಲಾಯಿಸಿ ಎಂದು ಸೂಚಿಸಿದ್ದರು. ಮತ್ತೊಂದು ವಿಮಾನ ಇಳಿಯುವ ಪ್ರಯತ್ನವನ್ನೇ ಕೈಬಿಟ್ಟಿತ್ತು. ಆದರೂ ರನ್‌ವೇ ಬದಲಾಗಲಿಲ್ಲ.

ಈ ಅಪಘಾತವನ್ನು ಪರಿಶೀಲಿಸಿದವರು ಷಿಕಾಗೊ ವಿಶ್ವವಿದ್ಯಾನಿಲಯದ ಟೆಟ್ಸುಯಾ ಫುಜಿಟಾ. ಜಪಾನಿನಲ್ಲಿ ಹುಟ್ಟಿದ ಇವರು 1945ರಲ್ಲಿ ಅಣುಬಾಂಬು ಬಿದ್ದ ನಾಗಸಾಕಿಯನ್ನು ಪರಿಶೀಲಿಸಿದ್ದರು. ಸ್ಫೋಟದ ಕೇಂದ್ರದಿಂದ ಎಲ್ಲ ದಿಕ್ಕಿಗೂ ಮರಗಳು ಹೊರಮುಖವಾಗಿ ಉರುಳಿದ್ದುದನ್ನು ಕಂಡಿದ್ದರು. ಬಿರುಗಾಳಿಗೆ ಸಿಕ್ಕಿದ ಅಮೆರಿಕದ ಕಾಡುಗಳಲ್ಲಿಯೂ ಅದೇ ಮಾದರಿ ಕಾಣಿಸಿದಾಗ, ಮೋಡದಿಂದ ತಣ್ಣನೆಯ ಗಾಳಿಯು ಕಂಬದಂತೆ ಕೆಳಕ್ಕೆ ಧುಮುಕಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆಂದು ಅವರು ಊಹಿಸಿದರು. ನಾಲ್ಕು ಕಿಲೋಮೀಟರಿಗಿಂತ ಕಡಿಮೆ ಅಗಲದ ಇಂಥ ಗಾಳಿಗೆ ಮೈಕ್ರೋಬರ್ಸ್ಟ್ ಎಂದು ಹೆಸರಿಟ್ಟರು.

ಇಳಿಯುತ್ತಿರುವ ವಿಮಾನಕ್ಕೆ ಮೈಕ್ರೋಬರ್ಸ್ಟ್ ಮೋಸಗಾರ ಗಾಳಿ. ಮೊದಲು ಎದುರುಗಾಳಿ ಬಂದು ವಿಮಾನವನ್ನು ಎತ್ತುತ್ತದೆ. ಪೈಲಟ್ ಎಂಜಿನ್ ಶಕ್ತಿಯನ್ನು ತಗ್ಗಿಸುತ್ತಾನೆ. ಮರುಕ್ಷಣದಲ್ಲಿ ಗಾಳಿ ಮೇಲಿನಿಂದ ಒತ್ತುತ್ತದೆ. ಆಮೇಲೆ ಹಿಂದಿನಿಂದ ಬೀಸಿ ರೆಕ್ಕೆಗಳ ಆಧಾರವನ್ನೇ ಕಿತ್ತುಕೊಳ್ಳುತ್ತದೆ. ನೆಲ ಹತ್ತಿರವಿರುವಾಗ ಸುಧಾರಿಸಿಕೊಳ್ಳಲು ಸಮಯವಿರುವುದಿಲ್ಲ.

ಫುಜಿಟಾರ ಮಾತನ್ನು ಅನೇಕ ತಜ್ಞರು ಮೊದಲು ಒಪ್ಪಲಿಲ್ಲ. 1978ರಲ್ಲಿ ಷಿಕಾಗೊ ಬಳಿ, 1982ರಲ್ಲಿ ಡೆನ್ವರ್ ಬಳಿ ಡಾಪ್ಲರ್ ರಾಡಾರುಗಳನ್ನು ನಿಲ್ಲಿಸಿ ನೋಡಿದಾಗ ಈ ಗಾಳಿ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಅಷ್ಟರೊಳಗೆ 1982ರ ಜುಲೈ 9ರಂದು ನ್ಯೂ ಆರ್ಲಿಯನ್ಸ್ ಬಳಿ ಪ್ಯಾನ್ ಆಮ್ ವಿಮಾನ ಬಿದ್ದು 153 ಮಂದಿಯೂ, 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ ವಿಮಾನ ಬಿದ್ದು 137 ಮಂದಿಯೂ ಸತ್ತಿದ್ದರು. ನಂತರ ಅಮೆರಿಕ ಸರಕಾರವು ವಿಮಾನಗಳಲ್ಲಿ ಅಪಾಯದ ಗಾಳಿಯನ್ನು ಗುರುತಿಸುವ ಉಪಕರಣವನ್ನು ಕಡ್ಡಾಯಗೊಳಿಸಿತು. 1990ರ ದಶಕದಲ್ಲಿ ಪ್ರಮುಖ ವಿಮಾನ ನಿಲ್ದಾಣಗಳ ಬಳಿ ಇದೊಂದೇ ಕೆಲಸಕ್ಕಾಗಿ ಡಾಪ್ಲರ್ ರಾಡಾರುಗಳನ್ನು ಸ್ಥಾಪಿಸತೊಡಗಿತು. ಅವುಗಳ ಸಂಖ್ಯೆ 45ಕ್ಕೆ ಏರಿತು. ಈ ರಾಡಾರಿನ ಪರೀಕ್ಷೆ ನಡೆಯುತ್ತಿದ್ದಾಗಲೇ, 1988ರ ಜುಲೈ 11ರಂದು, ಡೆನ್ವರಿನಲ್ಲಿ ತೀವ್ರ ಮೈಕ್ರೋಬರ್ಸ್ಟ್ ಎದ್ದಿತು. ಇಳಿಯಲು ಬಂದಿದ್ದ ಹಲವು ವಿಮಾನಗಳು ಮತ್ತೆ ಮೇಲೇರಿ ಪಾರಾದವು. 1994ರ ಜುಲೈಯಲ್ಲಿ ಷಾರ್ಲಟ್ ನಗರದಲ್ಲಿ 37 ಮಂದಿ ಸತ್ತ ಅಪಘಾತದ ನಂತರ ಅಮೆರಿಕದಲ್ಲಿ ಮೈಕ್ರೋಬರ್ಸ್ಟಿನಿಂದ ದೊಡ್ಡ ಪ್ರಯಾಣಿಕ ವಿಮಾನ ಬಿದ್ದಿಲ್ಲ.

ಎಚ್ಚರಿಕೆ ಬೇರೆ, ಮುನ್ಸೂಚನೆ ಬೇರೆ

ಮೇಲಿನದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಅದು ನಿಮಿಷಗಳ ಸಾಧನೆ. ರಾಡಾರು ಹೇಳುವುದು ಈಗ ಇರುವ ಗಾಳಿಯನ್ನು. ಪೈಲಟ್‌ಗೆ ಅಷ್ಟು ಸಾಕು. ದೊಡ್ಡಬಳ್ಳಾಪುರದಿಂದ ಲಾರಿ ಹೊರಡಿಸಬೇಕಾದ ಬೆಳೆಗಾರನಿಗೆ ನಾಲ್ಕರಿಂದ ಎಂಟು ತಾಸು ಮೊದಲೇ ತಿಳಿಯಬೇಕು. ಸುಧಾರಣೆಯ ಇಂದಿನ ಹೋರಾಟ ನಡೆಯುತ್ತಿರುವುದು ಈ ಅವಧಿಯಲ್ಲಿ.

ಮೊದಲ ಒಂದೆರಡು ತಾಸಿಗೆ ಸರಳ ಉಪಾಯವಿದೆ: ರಾಡಾರಿನಲ್ಲಿ ಕಾಣುವ ಮೋಡ ಯಾವ ಕಡೆಗೆ ಎಷ್ಟು ವೇಗದಲ್ಲಿ ಸರಿಯುತ್ತಿದೆಯೆಂದು ನೋಡಿ ಮುಂದಕ್ಕೆ ಎಳೆಯುವುದು. ಮೋಡ ಹುಟ್ಟುವುದನ್ನೂ ಸಾಯುವುದನ್ನೂ ಈ ವಿಧಾನ ಹೇಳಲಾರದು. 2021ರಲ್ಲಿ ಡೀಪ್‌ಮೈಂಡ್ ಸಂಸ್ಥೆಯು ಬ್ರಿಟನ್ನಿನ ಹವಾಮಾನ ಇಲಾಖೆಯ ಸಹಯೋಗದಲ್ಲಿ ಕೃತಕ ಬುದ್ಧಿಮತ್ತೆಯಿಂದ 90 ನಿಮಿಷಗಳವರೆಗಿನ ಮಳೆಯನ್ನು ಅಂದಾಜು ಮಾಡುವ ವಿಧಾನವನ್ನು ಪ್ರಕಟಿಸಿದ್ದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ.

ಅದಕ್ಕೂ ಮುಂದಿನ ತಾಸುಗಳಿಗೆ ಗಣಕ ಮಾದರಿಯೇ ಬೇಕು. ಭೂಪ್ರದೇಶವನ್ನು ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕದ ಗಾಳಿ, ತೇವ, ಉಷ್ಣತೆಗಳನ್ನು ಲೆಕ್ಕ ಹಾಕುವ ಈ ಮಾದರಿಗಳಲ್ಲಿ ಚೌಕವು ಮೋಡಕ್ಕಿಂತ ದೊಡ್ಡದಾಗಿದ್ದರೆ ಮೋಡ ಕಾಣುವುದೇ ಇಲ್ಲ. ಅಮೆರಿಕದ ಹವಾಮಾನ ಸೇವೆಯು 2014ರ ಸೆಪ್ಟೆಂಬರಿನಲ್ಲಿ 3 ಕಿ.ಮೀ. ಚೌಕದ, ಪ್ರತಿ ತಾಸಿಗೊಮ್ಮೆ ಹೊಸದಾಗಿ ಲೆಕ್ಕ ಹಾಕುವ ಮಾದರಿಯನ್ನು ಬಳಕೆಗೆ ತಂದಿತು. ನಮ್ಮಲ್ಲಿ 12 ಕಿ.ಮೀ. ಇದ್ದ ಚೌಕವನ್ನು 6 ಕಿ.ಮೀ.ಗೆ ಇಳಿಸಿದ 'ಭಾರತ್ ಮುನ್ಸೂಚನಾ ವ್ಯವಸ್ಥೆ' 2025ರ ಮೇ 26ರಂದು ಆರಂಭವಾಯಿತು. ಇದು ಸಂತೋಷದ ಸಂಗತಿಯಾದರೂ, ಕೆಲವೇ ಕಿಲೋಮೀಟರು ಅಗಲದ ಮೋಡವನ್ನು 6 ಕಿ.ಮೀ. ಬಲೆಯಲ್ಲಿ ಹಿಡಿಯುವುದು ಇನ್ನೂ ಕಷ್ಟವೇ.

ಮಾದರಿ ಎಷ್ಟೇ ಸೂಕ್ಷ್ಮವಾಗಿದ್ದರೂ ಅದಕ್ಕೆ ಊಡಿಸುವ ವೀಕ್ಷಣೆ ಸರಿಯಿರಬೇಕು. ಆರಂಭಿಕ ಶಿಲ್ಕು ತಪ್ಪಾದರೆ ಅಂತಿಮ ಶಿಲ್ಕು ಸರಿಯಾಗದು. ಭೂಮಿ ಗುಂಡಗಿರುವುದರಿಂದ ರಾಡಾರಿನ ಕಿರಣ ದೂರ ಹೋದಂತೆ ನೆಲದಿಂದ ಮೇಲಕ್ಕೆ ಹೋಗುತ್ತದೆ. ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ 200 ಕಿ.ಮೀ. ದೂರದಲ್ಲಿ ಸುಮಾರು 4 ಕಿ.ಮೀ. ಎತ್ತರದಲ್ಲಿರುತ್ತದೆ. ವಿಮಾನಕ್ಕೆ ಅಪಾಯವಿರುವ ಕೊನೆಯ ಒಂದು ಕಿಲೋಮೀಟರು ಅದಕ್ಕೆ ಕಾಣದು. ಆದ್ದರಿಂದ ನೆರೆಯ ರಾಜ್ಯದ ರಾಡಾರು ನಮ್ಮ ನಿಲ್ದಾಣವನ್ನು ಪೂರ್ತಿ ಕಾಯಲಾರದು. ದೇಶದ ಡಾಪ್ಲರ್ ರಾಡಾರುಗಳ ಸಂಖ್ಯೆ 2014ರಲ್ಲಿ 15 ಇದ್ದುದು ಹತ್ತು ವರ್ಷಗಳಲ್ಲಿ 40ರ ಸಮೀಪಕ್ಕೆ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟವು ಎರಡು ವರ್ಷಗಳಿಗೆ 2,000 ಕೋಟಿ ರೂಪಾಯಿಗಳ 'ಮಿಷನ್ ಮೌಸಂ' ಯೋಜನೆಗೆ ಒಪ್ಪಿಗೆ ನೀಡಿತು. ಇದರ ಅಗತ್ಯವನ್ನು ನೆನಪಿಸುವಂತೆ 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟಿದ್ದ ಇಂಡಿಗೋ ವಿಮಾನ ಆಲಿಕಲ್ಲು ಮೋಡಕ್ಕೆ ಸಿಲುಕಿತು. ಮೂಗಿನ ಭಾಗ ಜಖಂಗೊಂಡರೂ 220ಕ್ಕೂ ಹೆಚ್ಚು ಮಂದಿಯೊಂದಿಗೆ ಸುರಕ್ಷಿತವಾಗಿ ಇಳಿಯಿತು.

ಶೇಕಡಾ ಮೂವತ್ತರ ಗೆರೆ

ಈಗ ಮುನ್ಸೂಚನೆಯನ್ನು ಹೇಳುವ ರೀತಿಯನ್ನು ನೋಡೋಣ. ಪ್ರತಿ ದೊಡ್ಡ ವಿಮಾನ ನಿಲ್ದಾಣಕ್ಕೂ 'ಟ್ಯಾಫ್' ಎಂಬ ಮುನ್ಸೂಚನೆಯನ್ನು ನಮ್ಮಲ್ಲಿ ಹವಾಮಾನ ಇಲಾಖೆ ಹೊರಡಿಸುತ್ತದೆ. 24 ಅಥವಾ 30 ತಾಸಿನ ಟ್ಯಾಫ್ ಆರು ತಾಸಿಗೊಮ್ಮೆ ಹೊಸದಾಗುತ್ತದೆ. ಅದರಲ್ಲಿ ಗುಡುಗು ಮಳೆಗೆ 'ಟಿಎಸ್‌ಆರ್‌ಎ' ಎಂಬ ಸಂಕೇತ. 'ಟೆಂಪೊ' ಎಂದಿದ್ದರೆ ಒಂದೊಂದು ಸಲಕ್ಕೆ ಒಂದು ತಾಸಿಗಿಂತ ಕಡಿಮೆ, ಒಟ್ಟಾರೆ ಆ ಅವಧಿಯ ಅರ್ಧಕ್ಕಿಂತ ಕಡಿಮೆ ಕಾಲ ಇರುವ ಸ್ಥಿತಿ. 'ಪ್ರಾಬ್ 30' ಅಥವಾ 'ಪ್ರಾಬ್ 40' ಎಂದಿದ್ದರೆ ಸಂಭವನೀಯತೆ ಶೇ. 30 ಅಥವಾ ಶೇ. 40.

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಶೇ. 30ಕ್ಕಿಂತ ಕಡಿಮೆ ಸಂಭವನೀಯತೆಯನ್ನು ಟ್ಯಾಫ್‌ನಲ್ಲಿ ಬರೆಯುವುದಿಲ್ಲ. ಶೇ. 50 ಅಥವಾ ಹೆಚ್ಚಿದ್ದರೆ ಅದನ್ನು ಸಂಭವವೆಂದಲ್ಲದೆ, ಆಗುವುದೆಂದೇ ಬರೆಯಲಾಗುತ್ತದೆ. ಇದನ್ನು ಓದಿದಾಗ ಲೆಕ್ಕಪರಿಶೋಧಕನಾದ ನನಗೆ ಪರಿಚಿತರೊಬ್ಬರನ್ನು ಕಂಡಂತಾಯಿತು. 2004ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಮ್ಮ 29ನೆಯ ಲೆಕ್ಕಪತ್ರ ಮಾನದಂಡವೂ ಹೀಗೆಯೇ ಹೇಳುತ್ತದೆ: ಹೊಣೆ ಬರುವ ಸಂಭವ ಬಾರದ ಸಂಭವಕ್ಕಿಂತ ಹೆಚ್ಚಿದ್ದರೆ ಪ್ರಾವಿಷನ್ ಮಾಡಿ, ಸಾಧ್ಯತೆ ಮಾತ್ರ ಇದ್ದರೆ ಟಿಪ್ಪಣಿಯಲ್ಲಿ ತೋರಿಸಿ, ತೀರಾ ದೂರದ್ದಾದರೆ ಏನೂ ಬರೆಯಬೇಡಿ. ನ್ಯಾಯಾಲಯದ ವ್ಯಾಜ್ಯಕ್ಕೆ ಹಾಕುವ ಗೆರೆಯನ್ನೇ ಇಲ್ಲಿ ಮೋಡಕ್ಕೆ ಹಾಕಲಾಗಿದೆ.

ಲೆಕ್ಕಪತ್ರದಲ್ಲಿ ಟಿಪ್ಪಣಿಯನ್ನು ಓದದೆ ಬಿಡುವ ಹೂಡಿಕೆದಾರ ಮೋಸ ಹೋಗುತ್ತಾನೆ. ಟ್ಯಾಫ್‌ನ 'ಪ್ರಾಬ್ 30' ಕೂಡ ಅಂಥ ಟಿಪ್ಪಣಿಯೇ. "ಮೂವತ್ತು ತಾನೆ, ಬರಲಿಕ್ಕಿಲ್ಲ" ಎಂದು ತಳ್ಳಿಹಾಕುವುದೂ, "ಹವಾಮಾನದವರು ಹೇಳಿದ್ದು ಆಗಲಿಲ್ಲ" ಎಂದು ಮರುದಿನ ದೂರುವುದೂ ಒಂದೇ ತಪ್ಪಿನ ಎರಡು ಮುಖಗಳು.

ಇಬ್ಬರು ವರ್ತಕರು, ಒಂದೇ ಮೋಡ

ಹಾಗಾದರೆ ಶೇ. 30 ಎಂದಾಗ ವರ್ತಕನು ಮಾಡಬೇಕಾದುದೇನು? ಉತ್ತರವು ಮೋಡದಲ್ಲಿಲ್ಲ, ವರ್ತಕನ ಲೆಕ್ಕದಲ್ಲಿದೆ. ಕಾಲ್ಪನಿಕ ಅಂಕಿಗಳಿಂದ ವಿವರಿಸುತ್ತೇನೆ.

ಹೂವಿನ ವರ್ತಕನೊಬ್ಬನು ಸಂಜೆಯ ಬದಲು ಬೆಳಗಿನ ವಿಮಾನಕ್ಕೆ ಸರಕು ಸಾಗಿಸಬೇಕಾದರೆ ಹೆಚ್ಚುವರಿ ಕೂಲಿ, ಲಾರಿ, ಶೀತಲ ಕೋಣೆಯ ಬಾಡಿಗೆ ಸೇರಿ ರೂ. 6,000 ತಗಲುತ್ತದೆಂದು ಇಟ್ಟುಕೊಳ್ಳೋಣ. ಮಳೆಯಿಂದ ಸಂಜೆಯ ವಿಮಾನ ತಪ್ಪಿದರೆ ನಷ್ಟ ರೂ. 60,000. ಯಂತ್ರದ ಬಿಡಿಭಾಗ ತಯಾರಕನೊಬ್ಬನಿಗೂ ಮುಂಚಿತವಾಗಿ ಕಳುಹಿಸಲು ರೂ. 6,000ವೇ ಖರ್ಚು, ಆದರೆ ಒಂದು ದಿನ ತಡವಾದರೆ ಆತನಿಗಾಗುವ ನಷ್ಟ ರೂ. 10,000 ಮಾತ್ರ.

ಶೇ. 30 ಎಂದು ಹೇಳಿದ ಹತ್ತು ದಿನಗಳಲ್ಲಿ ಮೂರು ದಿನ ಮಳೆ ಬಂದು ವಿಮಾನ ತಪ್ಪುತ್ತದೆಂದು ಭಾವಿಸಿದರೆ, ಹೂವಿನ ವರ್ತಕನು ಸುಮ್ಮನಿದ್ದರೆ ಕಳೆದುಕೊಳ್ಳುವುದು ರೂ. 1,80,000, ಹತ್ತೂ ದಿನ ಮುಂಜಾಗ್ರತೆ ವಹಿಸಿದರೆ ಖರ್ಚು ರೂ. 60,000. ಬಿಡಿಭಾಗದ ತಯಾರಕನು ಸುಮ್ಮನಿದ್ದರೆ ನಷ್ಟ ರೂ. 30,000, ಮುಂಜಾಗ್ರತೆಗೆ ಖರ್ಚು ರೂ. 60,000. ಒಂದೇ ಮುನ್ಸೂಚನೆಗೆ ಒಬ್ಬನು ಲಾರಿ ಹೊರಡಿಸುವುದೂ ಸರಿ, ಇನ್ನೊಬ್ಬನು ಕಾಯುವುದೂ ಸರಿ. ಸೂತ್ರವಿಷ್ಟೆ: ಮುಂಜಾಗ್ರತೆಯ ಖರ್ಚನ್ನು ಸಂಭವನೀಯ ನಷ್ಟದಿಂದ ಭಾಗಿಸಿ. ಹೂವಿನವನಿಗೆ ಶೇ. 10, ಬಿಡಿಭಾಗದವನಿಗೆ ಶೇ. 60. ಮುನ್ಸೂಚನೆಯ ಸಂಖ್ಯೆ ಅದನ್ನು ಮೀರಿದಾಗ ಹೊರಡಬೇಕು.

ಈಗ ಶೇ. 30ರ ಗೆರೆಯ ತೊಂದರೆ ಅರ್ಥವಾಗುತ್ತದೆ. ಸಂಭವನೀಯತೆ ಶೇ. 20 ಇರುವ ದಿನ ಟ್ಯಾಫ್ ಮೌನವಾಗಿರುತ್ತದೆ. ಆದರೆ ಹೂವಿನ ವರ್ತಕನ ಗೆರೆ ಶೇ. 10, ಆ ದಿನವೂ ಆತ ಎಚ್ಚರ ವಹಿಸಬೇಕಾಗಿತ್ತು. ಗುಡುಗು ಬಂದ ಮಾತ್ರಕ್ಕೆ ಪ್ರತಿ ವಿಮಾನವೂ ತಪ್ಪುವುದಿಲ್ಲವೆಂಬುದು ನಿಜ; ಅದನ್ನು ಕಳೆದು ನೋಡಿದರೂ ಆತನ ಗೆರೆಯನ್ನು ದಾಟುವ ದಿನಗಳು ಇದ್ದೇ ಇರುತ್ತವೆ. ಪೈಲಟ್‌ಗಾಗಿ ಹಾಕಿದ ಗೆರೆ ವರ್ತಕನಿಗೆ ಒಗ್ಗುವುದಿಲ್ಲ. ಸುಧಾರಣೆಯೆಂದರೆ ಹೆಚ್ಚು ನಿಖರವಾಗಿ ಹೇಳುವುದಷ್ಟೇ ಅಲ್ಲ. ತಿಳಿದಿರುವ ಸಂಭವನೀಯತೆಯನ್ನು ಮುಚ್ಚಿಡದೆ ಪೂರ್ತಿಯಾಗಿ ಹೇಳುವುದೂ ಸುಧಾರಣೆಯೇ.

ಹಾಗೆಂದು ಪ್ರತಿದಿನವೂ ಗುಡುಗು ಬರುತ್ತದೆಂದು ಬರೆದರೆ ಸುರಕ್ಷಿತವೆನ್ನುವಂತಿಲ್ಲ. ಗುಡುಗಿನ ಸೂಚನೆಯಿದ್ದರೆ ಸುತ್ತು ಹೊಡೆಯಲೂ ಬೇರೆ ಊರಿಗೆ ಹೋಗಲೂ ಬೇಕಾದ ಹೆಚ್ಚಿನ ಇಂಧನವನ್ನು ವಿಮಾನ ಹೊರುತ್ತದೆ. ಇಂಧನದ ತೂಕ ಹೆಚ್ಚಿದಾಗ ಕೆಲವೊಮ್ಮೆ ಸರಕನ್ನು ಕೆಳಗಿಳಿಸಬೇಕಾಗುತ್ತದೆ. ಸುಳ್ಳು ಎಚ್ಚರಿಕೆಯ ಬಿಲ್ಲೂ ಕೊನೆಗೆ ನಮ್ಮ ಬಾಗಿಲಿಗೇ ಬರುತ್ತದೆ.

ಮುನ್ಸೂಚನೆಗೂ ಲೆಕ್ಕಪರಿಶೋಧನೆ

ಆದ್ದರಿಂದ ಮುನ್ಸೂಚನೆ ಸುಧಾರಿಸಿದೆಯೆಂದು ಯಾರಾದರೂ ಹೇಳಿದರೆ ಲೆಕ್ಕ ಕೇಳಬೇಕು. 1884ರಲ್ಲಿ ಅಮೆರಿಕದ ಸೈನ್ಯದ ಹವಾಮಾನ ವಿಭಾಗದಲ್ಲಿದ್ದ ಜಾನ್ ಫಿನ್ಲೆ ಸುಂಟರಗಾಳಿಯ ಮುನ್ಸೂಚನೆ ನೀಡಿ, ತನ್ನದು ಶೇ. 96.6 ಸರಿಯೆಂದು ಪ್ರಕಟಿಸಿದರು. ಒಟ್ಟು 2,803 ಮುನ್ಸೂಚನೆಗಳಲ್ಲಿ 2,680 ಸಲ "ಬರುವುದಿಲ್ಲ" ಎಂದು ಹೇಳಿದ್ದೂ ಬಾರದಿದ್ದುದೂ ಕೂಡಿಬಂದಿತ್ತು. "ಬರುತ್ತದೆ" ಎಂದ 100 ಸಲಗಳಲ್ಲಿ ಬಂದದ್ದು 28, ಸುಳ್ಳಾದದ್ದು 72. ಹೇಳದೆಯೇ ಬಂದದ್ದು 23. ಒಮ್ಮೆಯೂ ಸುಂಟರಗಾಳಿ ಬರುವುದಿಲ್ಲವೆಂದು ಕಣ್ಣು ಮುಚ್ಚಿ ಹೇಳಿದ್ದರೆ ಶೇ. 98.2 ಸರಿಯಾಗುತ್ತಿತ್ತೆಂದು ವಿಮರ್ಶಕರು ಕೂಡಲೇ ತೋರಿಸಿಕೊಟ್ಟರು.

ವಿರಳ ಘಟನೆಗಳ ವಿಷಯದಲ್ಲಿ ಒಟ್ಟು ಶೇಕಡಾವಾರು ಯಶಸ್ಸು ಅರ್ಥಹೀನ. ಎರಡೇ ಪ್ರಶ್ನೆಗಳನ್ನು ಕೇಳಬೇಕು. ಬಂದ ಗುಡುಗುಗಳಲ್ಲಿ ಎಷ್ಟನ್ನು ಮೊದಲೇ ಹೇಳಿದ್ದರು? ಹೇಳಿದವುಗಳಲ್ಲಿ ಎಷ್ಟು ಸುಳ್ಳಾದವು? ಫಿನ್ಲೆಯವರ ಲೆಕ್ಕದಲ್ಲಿ ಇವು ಕ್ರಮವಾಗಿ ಶೇ. 55 ಮತ್ತು ಶೇ. 72. ಮೊದಲನೆಯದು ಏರಬೇಕು, ಎರಡನೆಯದು ಇಳಿಯಬೇಕು. ಒಂದನ್ನು ಕೆಡಿಸಿ ಇನ್ನೊಂದನ್ನು ಚೆಂದಗೊಳಿಸುವುದು ಸುಧಾರಣೆಯಲ್ಲ. ನಮ್ಮ ಭಾಷೆಯಲ್ಲಿ ಅದು ಕಿಟಕಿಗೆ ಬಣ್ಣ ಬಳಿಯುವ ಕೆಲಸ.

ನಾವು ಮಾಡಬೇಕಾದುದು

ವರ್ತಕ ಮಿತ್ರರು ತಾವೇ ಮಾಡಬಹುದಾದ ಕೆಲಸಗಳು ಮೂರು. ಮೊದಲನೆಯದು, ಟ್ಯಾಫನ್ನೂ ಹವಾಮಾನ ಇಲಾಖೆ ಪ್ರಕಟಿಸುವ ಮೂರು ತಾಸಿನ ತತ್‌ಕ್ಷಣದ ಸೂಚನೆಗಳನ್ನೂ ನೋಡುವ ಅಭ್ಯಾಸ. ಇವು ಸಾರ್ವಜನಿಕವಾಗಿಯೇ ದೊರೆಯುತ್ತವೆ. ಟ್ಯಾಫ್‌ನಲ್ಲಿನ ಸಮಯ ಅಂತರರಾಷ್ಟ್ರೀಯ ಸಮಯವಾದ್ದರಿಂದ ಐದೂವರೆ ತಾಸು ಕೂಡಿಸಿಕೊಳ್ಳಬೇಕೆಂಬುದನ್ನು ಮರೆಯಬಾರದು. ಎರಡನೆಯದು, ತಮ್ಮ ಸರಕಿಗೆ ಮುಂಜಾಗ್ರತೆಯ ಖರ್ಚೆಷ್ಟು, ತಪ್ಪಿದರೆ ನಷ್ಟವೆಷ್ಟು ಎಂದು ಒಮ್ಮೆ ಕುಳಿತು ಲೆಕ್ಕ ಹಾಕಿ ತಮ್ಮದೇ ಗೆರೆಯನ್ನು ಬರೆದಿಡುವುದು. ಮೂರನೆಯದು, ಏಪ್ರಿಲಿನಿಂದ ಅಕ್ಟೋಬರಿನವರೆಗೆ ಪ್ರತಿ ರವಾನೆಗೂ ಮುನ್ಸೂಚನೆ ಏನಿತ್ತು, ಏನಾಯಿತು, ಎಷ್ಟು ನಷ್ಟವಾಯಿತು ಎಂಬ ಒಂದು ಸಾಲಿನ ದಾಖಲೆ. ಎರಡು ಮಳೆಗಾಲ ಕಳೆದರೆ ಯಾವ ತಜ್ಞನ ಬಳಿಯೂ ಇಲ್ಲದ ಅಂಕಿಅಂಶ ನಮ್ಮ ಕೈಯಲ್ಲಿರುತ್ತದೆ.

ಇನ್ನು ಸಂಘಟಿತವಾಗಿ ಕೇಳಬೇಕಾದುದು. ವಿಮಾನ ನಿಲ್ದಾಣದ ಗುಡುಗು ಸಂಭವನೀಯತೆಯನ್ನು ಶೇ. 30ರ ಕೆಳಗೂ ಸೇರಿದಂತೆ ತಾಸುವಾರು ಪ್ರಕಟಿಸಬೇಕು. ಸರಿಯಾದ ಮತ್ತು ಸುಳ್ಳಾದ ಸೂಚನೆಗಳ ಲೆಕ್ಕವನ್ನು ಋತುವಿಗೊಮ್ಮೆ ಹೊರತರಬೇಕು. ಸಿಡಿಲಿನಿಂದ ಸರಕು ಏರಿಸುವ ಕೆಲಸ ನಿಂತಾಗ ಆ ಸುದ್ದಿ ಫಾರ್ವರ್ಡರುಗಳಿಗೆ ತಕ್ಷಣ ತಲುಪಬೇಕು. ಈ ಬೇಡಿಕೆಗಳನ್ನು ಸಂಬಂಧಪಟ್ಟವರ ಮುಂದಿಡಲು ನಮ್ಮ ಸಂಸ್ಥೆಗಿಂತ ಸೂಕ್ತ ವೇದಿಕೆಯಿಲ್ಲ. ಸದಸ್ಯರ ದಾಖಲೆಗಳು ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆ.

ನನ್ನ ಕಕ್ಷಿದಾರರ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ, "ನಿಮ್ಮದೇ ಖಾತೆಗೆ." ಉತ್ತರ ಇಂದಿಗೂ ಬದಲಾಗಿಲ್ಲ. ಆದರೆ ಅವರು ಈಗ ಬೆಳಿಗ್ಗೆ ಹೂ ಕೊಯ್ಯಿಸುವ ಮೊದಲು ಟ್ಯಾಫ್ ನೋಡುತ್ತಾರೆ. ಅದರಲ್ಲಿ ಗುಡುಗಿನ ಸೂಚನೆ ಕಂಡ ದಿನ ಅವರ ಲಾರಿ ಹತ್ತು ಗಂಟೆಗೆ ಮೊದಲೇ ಹೊರಟಿರುತ್ತದೆ. ಕಳೆದ ಸಾಲಿನ ಲೆಕ್ಕದಲ್ಲಿ ಮುಂಗಡ ಸಾಗಣೆಯ ಖರ್ಚು ಸ್ವಲ್ಪ ಹೆಚ್ಚಿತ್ತು. ಬಾಡಿದ ಹೂವಿನ ನಷ್ಟ ಅದರ ಕಾಲುಭಾಗವೂ ಇರಲಿಲ್ಲ.